ಕತ್ತರಿಸಿಟ್ಟ ಬಟ್ಟೆ

"ಹತ್ತು ಮಂದಿಗೆ ಮೂವತ್ತು ಕೆಲಸ ಹಂಚಿದ್ದೇನೆ. ಯಾರನ್ನೂ ಸುಮ್ಮನೆ ಕೂರಲು ಬಿಟ್ಟಿಲ್ಲ. ಆದರೂ ಆರು ತಿಂಗಳಿಂದ ಒಂದೂ ಮುಗಿದು ಹೊರಬಂದಿಲ್ಲ. ಇವರಲ್ಲಿ ನನಗೆ ಮೋಸ ಮಾಡುತ್ತಿರುವವರು ಯಾರು?" ಎಂದು ಶಿಷ್ಯ ಗುರುಶಾಂತ ಕೇಳಿದ. ಅವನು ಸಾಫ್ಟ್‌ವೇರ್ ತಯಾರಿಸುವ ಸಣ್ಣದೊಂದು ಕಂಪನಿಯ ಯಜಮಾನ. ಗುರುಗಳು ಕತೆ ಹೇಳಿದರು.

ಒಬ್ಬ ದರ್ಜಿಯಿದ್ದ. ಬಟ್ಟೆ ಬಂದ ಗಳಿಗೆಯಲ್ಲೇ ಅಳತೆ ತೆಗೆದು ಕತ್ತರಿಸಿಬಿಡುತ್ತಿದ್ದ. ಕತ್ತರಿಸಿದ ಬಟ್ಟೆಯನ್ನು ಯಾರೂ ಇನ್ನೊಬ್ಬನ ಅಂಗಡಿಗೆ ಒಯ್ಯಲಾರರು ಎಂಬುದು ಅವನ ಲೆಕ್ಕಾಚಾರ. ಹೊಲಿಯಲು ಇಬ್ಬರು ಆಳುಗಳಿದ್ದರು. ಅವರ ಮೇಲೂ ಅವನಿಗೆ ಅನುಮಾನ. ಒಬ್ಬ ಒಳಪದರದ ಅಸ್ತರಿಗಾಗಿ ಕಾಯುತ್ತ ಕುಳಿತರೆ ಸಾಕು, ಅವನ ಮಡಿಲಿಗೆ ಬೇರೊಂದು ರವಿಕೆ ಬೀಳುತ್ತಿತ್ತು. ಒಂದಕ್ಕೆ ತೋಳಿಲ್ಲ, ಒಂದಕ್ಕೆ ಗುಂಡಿಯಿಲ್ಲ, ಅಂಗಡಿ ತುಂಬ ಗಂಟುಗಳು.

ಎದುರಿನ ದರ್ಜಿ ಗೋಡೆಗೆ ಮೂರೇ ಗೂಟ ಹೊಡೆದಿದ್ದ. ಮೂರರಲ್ಲೂ ಬಟ್ಟೆ ತೂಗುತ್ತಿದ್ದರೆ ನಾಲ್ಕನೆಯದನ್ನು ಮುಟ್ಟುತ್ತಿರಲಿಲ್ಲ. ಗೂಟ ಖಾಲಿಯಾದಾಗ ತನ್ನಿ ಎಂದು ಹಿಂದಕ್ಕೆ ಕಳಿಸುತ್ತಿದ್ದ. ಆದರೂ ಅವನಲ್ಲಿಂದ ವಾರಕ್ಕೆ ಹದಿನೈದು ರವಿಕೆ ಹೊರಡುತ್ತಿದ್ದವು. ಗುಟ್ಟಾಗಿ ಆಳುಗಳನ್ನು ಇಟ್ಟಿರಬೇಕು ಎಂದು ಮೊದಲನೆಯವನಿಗೆ ಗುಮಾನಿ. ಹಿತ್ತಲಿಗೆ ಹೋಗಿ ಇಣುಕಿಯೂ ನೋಡಿದ. ಕಂಡದ್ದು ಒಂದು ಹೊಲಿಗೆ ಯಂತ್ರ, ಒಬ್ಬ ಮನುಷ್ಯ. ಗುಮಾನಿ ಮಾತ್ರ ಹೋಗಲಿಲ್ಲ. ಅದು ಕಣ್ಣಾರೆ ಕಂಡರೂ ವಾಸಿಯಾಗದ ಕಾಯಿಲೆ.

ಒಬ್ಬ ಹೆಂಗಸು ಮಗಳ ನಿಶ್ಚಿತಾರ್ಥಕ್ಕೆಂದು ಮೊದಲನೆಯವನಿಗೆ ರವಿಕೆಯ ರೇಷ್ಮೆ ಬಟ್ಟೆ ಕೊಟ್ಟಿದ್ದಳು. ತನ್ನ ಧಾರೆ ಸೀರೆಯಿಂದಲೇ ತೆಗೆದುಕೊಟ್ಟದ್ದು. ಶುಕ್ರವಾರ ಶಾಸ್ತ್ರ. ಬುಧವಾರ ಬಂದು ನೋಡಿದರೆ ತೋಳು, ಬೆನ್ನು, ಎದೆಯ ತುಂಡುಗಳು ಬಿಡಿಬಿಡಿಯಾಗಿ ಬಿದ್ದಿವೆ. ಹಾಗೇ ಕೊಟ್ಟುಬಿಡು, ಬೇರೆ ಕಡೆ ಹೊಲಿಸುತ್ತೇನೆ ಎಂದಳು.

"ಕತ್ತರಿಸಿ ಆಗಿದೆಯಲ್ಲಮ್ಮ. ಇನ್ನೊಬ್ಬ ಕತ್ತರಿಸಿದ್ದನ್ನ ಯಾರು ಮುಟ್ತಾರೆ?"

"ಅದಕ್ಕೇ ಅವತ್ತೇ ಕತ್ತರಿ ಹಾಕಿದ್ದು ನೀನು. ಈಗ ತಿಳೀತು."

ಶುಕ್ರವಾರ ಮಗಳು ಅಕ್ಕನ ಸಡಿಲ ರವಿಕೆಗೆ ಪಿನ್ನು ಚುಚ್ಚಿಕೊಂಡು ಹಸೆಗೆ ಕುಳಿತಳು. ತಾಯಿ ಅಡುಗೆಮನೆಯಲ್ಲಿ ಅತ್ತದ್ದನ್ನು ಬಂದ ಹೆಂಗಸರೆಲ್ಲ ನೋಡಿದರು. ಮರುವಾರದಿಂದ ಆ ಅಂಗಡಿಗೆ ಯಾರೂ ಬಟ್ಟೆ ತರಲಿಲ್ಲ. ದರ್ಜಿ ಆಳುಗಳ ಮೇಲೆ ಹರಿಹಾಯ್ದ, ನಿಮ್ಮ ಮೈಗಳ್ಳತನದಿಂದಲೇ ಹೀಗಾಯಿತು ಎಂದ.

ಕತೆ ಅಲ್ಲಿಗೆ ನಿಂತಿತು. ಗುರುಶಾಂತನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ತನ್ನ ಹತ್ತು ಮಂದಿಯಲ್ಲಿ ಕಳ್ಳರೇ ಇಲ್ಲವೇ ಎಂದು ಮತ್ತೆ ಕೇಳಿದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: "ಮೂವತ್ತು ಕೆಲಸ ಕೈಗೆ ಕೊಟ್ಟದ್ದು ಮುಗಿಸಲೆಂದೋ, ಬಂದ ಗಿರಾಕಿಗಳಿಗೆಲ್ಲ ನಿಮ್ಮ ಕೆಲಸ ಶುರುವಾಗಿದೆ ಎನ್ನಲೆಂದೋ?"