ಕಣ್ಣಿಗೆ ತೂಬು ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಡಲಿಗೂ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು. ಮನುಷ್ಯರಿಗೆ ಮಾತ್ರ ಅಳು ಬರುತ್ತಿರಲಿಲ್ಲ. ಪುಟ್ಟೀ, ನಿನ್ನಂಥ ಅಳುಬುರುಕಿ ಆಗ ಏನು ಮಾಡುತ್ತಿದ್ದಳೋ ಕಾಣೆ!

ಕಡಲ ಪಕ್ಕದಲ್ಲಿ ಉಪ್ಪು ಬೆಳೆಯುವ ಜನರಿದ್ದರು. ಉಪ್ಪಿನ ಗದ್ದೆಯ ಸುತ್ತ ಮಣ್ಣಿನ ಕಟ್ಟೆ. ನೀರು ಹೆಚ್ಚಾದರೆ ತೂಬು ತೆಗೆದು ಹೊರಗೆ ಬಿಡುವರು. ಕಟ್ಟೆ ಸೋರಿದರೆ ಓಡಿಹೋಗಿ ಹಸಿಮಣ್ಣು ಮೆತ್ತುವರು. ಹಗಲಿಡೀ ಅವರಿಗೆ ಅದೇ ಕೆಲಸ, ಅದೇ ಯೋಚನೆ.

ಅವರಲ್ಲಿ ಸಾತಕ್ಕ ಎಂಬವಳಿದ್ದಳು. ಅವಳ ಗಂಡ ಹಮ್ಮು ಒಂದು ದಿನ ಮೀನು ಹಿಡಿಯಲು ಕಡಲಿಗೆ ಹೋದ. ಸಂಜೆ ದೋಣಿಯೊಂದೇ ದಡಕ್ಕೆ ಬಂತು.

ಸಾತಕ್ಕ ನಿಂತಲ್ಲೇ ನಿಂತಳು. ಊಟವಿಲ್ಲ, ನಿದ್ದೆಯಿಲ್ಲ. ಸಂಕಟ ಎದೆಯಲ್ಲಿ ತುಂಬಿತು, ತುಂಬಿತು, ಮೂರನೆಯ ದಿನಕ್ಕೆ ಉಸಿರಿಗೂ ಜಾಗ ಉಳಿಯಲಿಲ್ಲ. ಮಗಳು ಮಂಕಾಳಿ ಮುಟ್ಟಿ ನೋಡಿದಳು. ಅಬ್ಬಬ್ಬಾ! ಅಮ್ಮನ ಎದೆ ಕಲ್ಲಾಗುತ್ತಿತ್ತು!

ಮಂಕಾಳಿ ಕಡಲಿಗೆ ಓಡಿದಳು. “ಅಪ್ಪನ್ನ ತಕ್ಕೊಂಡೆ. ಈಗ ಅಮ್ಮನೂ ಹೋಗ್ತಾಳೆ. ನಿಂಗೆ ನಾಚಿಕೆ ಆಗೂದಿಲ್ವಾ?”

ಕಡಲಿಗೆ ದಿಗಿಲಾಯಿತು. ಎದ್ದ ಅಲೆ ಎದ್ದಲ್ಲೇ ನಿಂತಿತು. “ಅಯ್ಯೋ! ಒಬ್ಬ ಹೋದ್ರೆ ಇನ್ನೊಬ್ಬರಿಗೆ ಹೀಗೆಲ್ಲ ಆಗ್ತದಾ? ನಂಗೆ ಗೊತ್ತೇ ಇರ್ಲಿಲ್ಲ ಮಗಾ! ನಿನ್ನಪ್ಪನ್ನ ವಾಪಸ್ ಕೊಡೂಕೆ ನನ್ನಿಂದ ಆಗೂದಿಲ್ಲ. ಆದ್ರೆ ಕೇಳು, ನಿಮ್ಮ ಗದ್ದೆಗೆ ತೂಬಿದೆ, ನಿಮ್ಮಮ್ಮಂಗೆ ಇಲ್ಲ. ನನ್ನ ನೀರು ಒಂದೊಂದು ಹನಿ ಅವಳ ಕಣ್ಣಿಗೆ ಬಿಡು. ಅದೇ ದಾರಿ ಮಾಡ್ಕೊಳ್ತದೆ.”

ಮಂಕಾಳಿ ಬೊಗಸೆಯಲ್ಲಿ ನೀರು ತಂದು ಹನಿ ಬಿಟ್ಟಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಸಾತಕ್ಕನ ಕಣ್ಣಿಂದ ದಳದಳ ನೀರು! ಬಾಯಿಂದ ಹಿಂದೆಂದೂ ಯಾರೂ ಕೇಳಿರದಂಥ ಕೂಗು! ಗಾಳಿ ಬೆಚ್ಚಿ ತೆಂಗಿನಮರದ ಹಿಂದೆ ಅಡಗಿತು.

“ಸಾತಕ್ಕ ಸೋರ್ತಾ ಇದಾಳ್ರೋ! ಮಣ್ಣು ತನ್ನಿ, ಮಣ್ಣು!” ಎಂದು ಊರ ಹಿರಿಯ ಬೊಮ್ಮಜ್ಜ ಕಿರುಚಿದ. ಜನವೆಲ್ಲ ಕೈತುಂಬ ಹಸಿಮಣ್ಣು ಹಿಡಿದು ಅವಳ ಕಣ್ಣು ಮುಚ್ಚಲು ಓಡಿಬಂದರು. ಎಂಥ ಮೂರ್ಖರು ನೋಡು!

ಮಂಕಾಳಿ ಎರಡೂ ಕೈ ಚಾಚಿ ಅಡ್ಡ ನಿಂತಳು. “ಮುಟ್ಟಬೇಡಿ ಬೊಮ್ಮಜ್ಜ! ಇದು ಕಟ್ಟೆ ಒಡೆದದ್ದಲ್ಲ, ತೂಬು ತೆಗೆದದ್ದು!”

ಬೊಮ್ಮಜ್ಜ ಬಾಯಿ ಬಿಟ್ಟು ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣಿಂದಲೂ ನೀರಿಳಿಯಿತು. ಹೆದರಿ, ಮಣ್ಣಿನ ಕೈಯಲ್ಲೇ ಮುಖ ಮುಟ್ಟಿಕೊಂಡ. ಒಬ್ಬರಿಂದ ಒಬ್ಬರಿಗೆ, ಊರಿಗೆ ಊರೇ ಅತ್ತಿತು.

ಹಮ್ಮು ಬರಲಿಲ್ಲ. ಅತ್ತರೆ ಹೋದವರು ಬರುವುದಿಲ್ಲ. ಆದರೆ ಸಾತಕ್ಕ ಉದ್ದಕ್ಕೊಂದು ಉಸಿರೆಳೆದಳು, ಮಗಳನ್ನು ತಬ್ಬಿ “ಹಸಿವಾಗ್ತದೆ ಕಣೇ” ಎಂದಳು. ಎರಡು ಬಟ್ಟಲು ಗಂಜಿ ಕುಡಿದು ಅಲ್ಲೇ ನಿದ್ದೆ ಹೋದಳು.

ಅದಕ್ಕೇ ಪುಟ್ಟೀ, ಇವತ್ತಿಗೂ ಕಣ್ಣೀರು ಉಪ್ಪು, ಅತ್ತ ಮೇಲೆ ಎದೆ ಹಗುರ. ಮತ್ತೆ, ನೀನು ಅಳು ಶುರುಮಾಡಿದ ಕೂಡಲೇ ದೊಡ್ಡವರೆಲ್ಲ “ಅಳಬೇಡ, ಅಳಬೇಡ” ಎಂದು ಗಾಬರಿಬಿದ್ದು ಓಡಿಬರುತ್ತಾರಲ್ಲ, ಈಗ ಅವರ ಕೈಯಲ್ಲಿ ಮಣ್ಣಿರುವುದಿಲ್ಲ, ಅಷ್ಟೇ.