ಚುಕ್ಕೆಯಿದ್ದ ತಂಗಿ

ಅಗಲಿದ ಎರಡು ವಜ್ರಗಳು ಹೊಳಪಿನಿಂದಲೇ ಪರಸ್ಪರ ಗುರುತು ಹಿಡಿದು ಮತ್ತೆ ಸೇರಿದವು ಎಂದು ಅಜ್ಜಿ ತಮ್ಮ ಓಲೆಗಳನ್ನು ಮುಟ್ಟಿಕೊಂಡು ಹೇಳುತ್ತಿದ್ದರು. ಅದು ಹಾಗೆ ನಡೆದಿರಲಾರದು ಎಂಬುದು ನನ್ನ ಬಹುಕಾಲದ ಅನುಮಾನ.

ಒಂದೇ ಕಲ್ಲಿನಿಂದ ಕತ್ತರಿಸಿದ ಆ ಅಕ್ಕತಂಗಿಯರು ಒಂದು ಜೊತೆ ಓಲೆಯಲ್ಲಿದ್ದರು. ತಂಗಿಯ ಒಳಗೆ ಸಣ್ಣ ಕಪ್ಪು ಚುಕ್ಕೆಯಿತ್ತು, ಅಕ್ಕ ನಿರ್ಮಲವಾಗಿದ್ದಳು.

"ಕೂದಲ ಮರೆಯಲ್ಲಿರೇ ತಂಗಿ, ನಿನ್ನ ಚುಕ್ಕೆ ಕಂಡರೆ ನನ್ನ ಮಾನ ಹೋಗುತ್ತದೆ," ಎಂದು ಅಕ್ಕ ಛೇಡಿಸುವಳು. ತಂಗಿ ನಗುವಳು.

ಓಲೆಯನ್ನು ಹೊಸದಾಗಿ ಕಟ್ಟಲು ಕೊಟ್ಟಾಗ ಅಕ್ಕಸಾಲಿಗ ಹರಳುಗಳನ್ನು ಬಿಡಿಸಿದ. ಚುಕ್ಕೆಯೆಂದರೆ ದೋಷವೆಂದು ತಂಗಿಯನ್ನು ಬೇರೆ ಬಟ್ಟಲಲ್ಲಿಟ್ಟ. ಅಕ್ಕನನ್ನು ಅದೇ ಅಳತೆಯ ನಿರ್ಮಲ ಹರಳುಗಳ ಪೊಟ್ಟಣಕ್ಕೆ ಹಾಕಿಬಿಟ್ಟ.

ತಂಗಿ ಅಕ್ಕಸಾಲಿಗನ ಭೂತಗನ್ನಡಿಯನ್ನು ಬೇಡಿಕೊಂಡಳು. "ನೀವು ಎಲ್ಲರ ಒಳಗನ್ನೂ ಕಂಡವರು. ನನ್ನ ಅಕ್ಕನನ್ನು ಹುಡುಕಿಕೊಡಿ."

ಭೂತಗನ್ನಡಿ ಪೊಟ್ಟಣದ ಮೇಲೆ ಬಾಗಿ ಬಹಳ ಹೊತ್ತು ನೋಡಿತು. "ಕಳೆದುಹೋದವಳು ನೀನಾಗಿದ್ದರೆ ಈ ಕ್ಷಣವೇ ತೋರಿಸುತ್ತಿದ್ದೆ, ತಾಯಿ. ಅವಳಲ್ಲಿ ಗುರುತು ಹಿಡಿಯಲು ಏನೂ ಇಲ್ಲ."

"ಅಕ್ಕಾ," ಎಂದು ತಂಗಿ ಕರೆದಳು.

ಪೊಟ್ಟಣದ ಹರಳುಗಳೆಲ್ಲ ಒಂದೇ ದನಿಯಲ್ಲಿ "ಇಲ್ಲಿದ್ದೇನೆ" ಎಂದವು. ಅಕ್ಕಸಾಲಿಗ ಕೈಗೆ ಸಿಕ್ಕ ಒಂದನ್ನು ಎತ್ತಿ ತಂಗಿಗೆ ಜೊತೆಮಾಡಿ ಓಲೆ ಕಟ್ಟಿದ.

ಅಜ್ಜಿ ತೀರಿಕೊಂಡ ಮೇಲೆ ಅವರ ಓಲೆಗಳನ್ನು ನಾನೇ ಭೂತಗನ್ನಡಿಯಲ್ಲಿ ನೋಡಿದೆ. ಎಡಗಿವಿಯ ಹರಳಿನಲ್ಲಿ ಕಪ್ಪು ಚುಕ್ಕೆ ಇದೆ. ಬಲಗಿವಿಯದರಲ್ಲಿ ಏನೂ ಇಲ್ಲ.