ಯಾವ ಅರ್ಧ?

ಗಾಡಿಯಿಂದ ಇಳಿದ ಹೊಸ ಗೊಬ್ಬರದ ಮೂಟೆ ಎತ್ತಿಗೆ ಹೇಳಿತು: "ಬಸವಣ್ಣ, ನನ್ನನ್ನು ಸುಮ್ಮನೆ ನಂಬಬೇಡ. ಅರ್ಧ ಹೊಲಕ್ಕೆ ನನ್ನನ್ನು ಹಾಕಿಸು, ಇನ್ನರ್ಧ ಹಾಗೇ ಬಿಡಿಸು. ತೀರ್ಪನ್ನು ರಾಗಿಯೇ ಹೇಳಲಿ."

"ನ್ಯಾಯವಾದ ಮಾತು," ಎಂದು ಎತ್ತು ತಲೆಯಾಡಿಸಿತು.

ಮಣ್ಣಿನಿಂದ ಎರೆಹುಳು ತಲೆ ಎತ್ತಿತು. "ನಿಮಗೆ ಯಾವ ಅರ್ಧ ಬೇಕು, ಮೂಟೆರಾಯರೇ?"

"ಯಾವುದಾದರೇನು? ಈ ಕಾಲುವೆ ಪಕ್ಕದ್ದೇ ಇರಲಿ."

"ಅಲ್ಲಿ ಬೆಳೆಸುವುದು ನೀರು, ಹೆಸರು ಬರುವುದು ನಿಮಗೆ. ಕಾಲುವೆ ಪಕ್ಕವನ್ನೂ ಆ ಕಡೆಯ ಒಣ ದಿಣ್ಣೆಯನ್ನೂ ಎರಡೆರಡು ಪಾಲು ಮಾಡೋಣ. ಎರಡೂ ಕಡೆ ನಿಮಗೊಂದು ಪಾಲು. ಯಾವುದೆಂದು ಬಸವಣ್ಣ ಕಣ್ಣು ಮುಚ್ಚಿಕೊಂಡು ತುಳಿದು ತೋರಿಸಲಿ."

ಹುಳು ಮಣ್ಣಿನೊಳಗೆ ಇಳಿದ ಮೇಲೆ ಮೂಟೆ ಎತ್ತಿನ ಕಿವಿಯಲ್ಲಿ ಮೆಲ್ಲಗೆ ಕೇಳಿತು: "ಪಕ್ಕದ ಹೊಲದಲ್ಲೂ ಎರೆಹುಳು ಇದೆಯೇನು, ಬಸವಣ್ಣ?"